ಬುಲೆಟ್ ಹೆಡ್‌ಗೆ ಸರಾಗ ಉಸಿರು: ಮನೆಯಲ್ಲೇ ಪೋರ್ಟಿಂಗ್ ಮಾಡುವ ಬಗೆ

ಹಳೆಯ ಬುಲೆಟ್ 350ರ ಹೆಡ್ ಇಳಿಸಿ, ವಾಲ್ವ್ ತೆಗೆದು, ಇನ್‌ಲೆಟ್ ಪೋರ್ಟಿನೊಳಗೆ ಕಿರುಬೆರಳು ಹಾಕಿ ಸವರಿ ನೋಡಿ. ಅಲ್ಯೂಮಿನಿಯಂ ಗೋಡೆ ಮುಗಿದು ವಾಲ್ವ್ ಸೀಟಿನ ಉಂಗುರ ಶುರುವಾಗುವಲ್ಲಿ ಉಗುರು ತಡೆಯುವಂಥ ಒಂದು ಅಂಚು ಸಿಗುತ್ತದೆ. ಅಲ್ಲಿಂದ ಸ್ವಲ್ಪ ಹಿಂದಕ್ಕೆ, ವಾಲ್ವ್ ಗೈಡ್ ಹೊರಬರುವ ಕಡೆ ದಪ್ಪನೆಯ ಗಂಟು. ಇನ್ನೂ ಹಿಂದೆ, ಎರಕದ ಗೆರೆ ಒಂದು ಉದ್ದಕ್ಕೂ ಓಡಿರುತ್ತದೆ. ಸಾವಿರಾರು ಹೆಡ್‌ಗಳನ್ನು ಒಂದೇ ಸಮನೆ ಎರಕ ಹೊಯ್ದು ತೆಗೆಯುವಾಗ ಇಂಥವು ಉಳಿದೇ ಉಳಿಯುತ್ತವೆ. ಪೋರ್ಟಿನ ಟೊಳ್ಳಿಗಾಗಿ ಅಚ್ಚಿನೊಳಗೆ ಇಡುವ ಮರಳಿನ ತಿರುಳು ತುಸು ಸರಿದರೂ ಪೋರ್ಟಿನ ಒಂದು ಬದಿ ಉಬ್ಬಿ, ಇನ್ನೊಂದು ಬದಿ ತಗ್ಗುತ್ತದೆ. ಪ್ರತಿ ಹೆಡ್ಡನ್ನೂ ಕೈಯಲ್ಲಿ ತಿದ್ದುತ್ತ ಕೂತರೆ ಕಾರ್ಖಾನೆಗೆ ಗಿಟ್ಟುವುದಿಲ್ಲ.

ಕಾರ್ಖಾನೆ ಬಿಟ್ಟ ಆ ಕೆಲಸವನ್ನು ತಾಳ್ಮೆ ಇರುವವರು ಮನೆಯಲ್ಲೇ ಮಾಡಿಕೊಳ್ಳಬಹುದು. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಬೇಕಾದದ್ದು ಎಲ್ಲಿ ಉಜ್ಜಬೇಕು, ಎಲ್ಲಿ ಕೈ ತಡೆಯಬೇಕು ಎಂಬ ತಿಳಿವಳಿಕೆ. ಒಳ್ಳೆಯ ಪೋರ್ಟಿಂಗ್ ಮುಗಿದ ಮೇಲೆ ಮೇಜಿನ ಮೇಲೆ ಉಳಿಯುವ ಲೋಹದ ಪುಡಿ ತೀರಾ ಕಡಿಮೆ. ಪೋರ್ಟನ್ನು ಹಿಗ್ಗಿಸಿದಷ್ಟೂ ಪಿಕಪ್ ಹೆಚ್ಚುತ್ತದೆ ಎಂಬ ನಂಬಿಕೆಯೇ ಅನೇಕ ಒಳ್ಳೆಯ ಹೆಡ್‌ಗಳನ್ನು ಗುಜರಿಗೆ ಕಳಿಸಿದೆ.

ಗಾಳಿಯ ಲೆಕ್ಕ

ಬುಲೆಟ್ 350ರ ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ., ಒಟ್ಟು 346 ಸಿ.ಸಿ. ಎಂಜಿನ್ 5000 ಆರ್‌ಪಿಎಂನಲ್ಲಿ ತಿರುಗುವಾಗ ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ 12 ಭಾಗ ಸಾಕು. ಪಿಸ್ಟನ್ ಮೇಲಿನಿಂದ ಕೆಳಗಿಳಿಯಲು ಅದರಲ್ಲಿ ಅರ್ಧ. ಅಷ್ಟರಲ್ಲಿ ಸಿಲಿಂಡರ್ ಪೂರ್ತಿ ತುಂಬಬೇಕೆಂದರೆ 24 ಮಿ.ಮೀ. ಕಾರ್ಬುರೇಟರಿನ ಬಾಯಲ್ಲಿ ಗಾಳಿ ಸರಾಸರಿ ಸೆಕೆಂಡಿಗೆ 125 ಮೀಟರಿಗೂ ಹೆಚ್ಚು, ಅಂದರೆ ಗಂಟೆಗೆ 450 ಕಿ.ಮೀ. ವೇಗದಲ್ಲಿ ನುಗ್ಗಬೇಕು. ಈ ವೇಗದಲ್ಲಿ ಬರುವ ಗಾಳಿಗೆ ಒಂದು ಮಿಲಿಮೀಟರಿನ ಅಂಚೂ ದೊಡ್ಡ ಅಡ್ಡಿ. ವೇಗ ಎರಡು ಪಟ್ಟಾದರೆ ಅಡ್ಡಿಯಿಂದಾಗುವ ನಷ್ಟ ಸುಮಾರು ನಾಲ್ಕು ಪಟ್ಟಾಗುತ್ತದೆ. ಪೋರ್ಟಿಂಗ್‌ನ ಫಲ ಹೆಚ್ಚಿನ ಆರ್‌ಪಿಎಂನಲ್ಲೇ ಎದ್ದು ಕಾಣುವುದಕ್ಕೆ ಇದೇ ಕಾರಣ.

ಅಡ್ಡಿ ಹೆಚ್ಚಾಗಿ ಇರುವುದು ಎಲ್ಲಿ? ವಾಲ್ವ್ ತೆರೆದಾಗ ಅದರ ಅಂಚಿಗೂ ಸೀಟಿಗೂ ನಡುವೆ ಬಳೆಯಾಕಾರದ ಸಂದು ಉಂಟಾಗುತ್ತದೆ. ಅದರ ವಿಸ್ತೀರ್ಣ ವಾಲ್ವಿನ ಸುತ್ತಳತೆಯನ್ನು ಲಿಫ್ಟಿನಿಂದ ಗುಣಿಸಿದಷ್ಟು. ವಾಲ್ವ್ ತನ್ನ ವ್ಯಾಸದ ಕಾಲು ಭಾಗ ಮೇಲೆದ್ದಾಗ ಮಾತ್ರ ಈ ಸಂದು ವಾಲ್ವಿನ ಪೂರ್ಣ ವಿಸ್ತೀರ್ಣಕ್ಕೆ ಸಮನಾಗುತ್ತದೆ. 36 ಮಿ.ಮೀ. ವಾಲ್ವ್ ಎಂದಿಟ್ಟುಕೊಂಡರೆ 9 ಮಿ.ಮೀ. ಲಿಫ್ಟ್ ಬೇಕು. ಕಂಪನಿಯ ಕ್ಯಾಮ್ ವಾಲ್ವನ್ನು ತೆರೆದಿಡುವ ಅವಧಿಯ ಬಹುಪಾಲು ಲಿಫ್ಟ್ ಇದಕ್ಕಿಂತ ಕಡಿಮೆಯೇ ಇರುತ್ತದೆ. ಅಂದಮೇಲೆ ಹರಿವನ್ನು ನಿರ್ಧರಿಸುವುದು ಸೀಟು ಮತ್ತು ಅದರ ಅಕ್ಕಪಕ್ಕದ ಒಂದು ಸೆಂಟಿಮೀಟರ್ ಜಾಗ. ನಿಮ್ಮ ಶ್ರಮದ ಮುಕ್ಕಾಲು ಪಾಲು ಅಲ್ಲಿಗೇ ಹೋಗಬೇಕು.

ಎರಡನೆಯದು ತಿರುವು. ಕಾರ್ಬುರೇಟರಿನಿಂದ ನೇರ ಬಂದ ಪೋರ್ಟು ವಾಲ್ವಿನ ಹತ್ತಿರ ಕೆಳಗೆ ಬಾಗುತ್ತದೆ. ರಭಸದ ನೀರು ಕಾಲುವೆಯ ತಿರುವಿನಲ್ಲಿ ಒಳದಂಡೆ ಬಿಟ್ಟು ಹೊರದಂಡೆಗೆ ಒತ್ತಿಕೊಂಡು ಹೋಗುವ ಹಾಗೆ, ಗಾಳಿಯೂ ಪೋರ್ಟಿನ ಒಳತಿರುವನ್ನು ಬಿಟ್ಟು ಮೇಲ್ಛಾವಣಿಯ ಕಡೆ ಸರಿಯುತ್ತದೆ. ಒಳತಿರುವು ಚೂಪಾಗಿದ್ದರೆ ಅಲ್ಲಿ ಸುಳಿ ಎದ್ದು, ವಾಲ್ವಿನ ಅರ್ಧ ಭಾಗ ಸರಿಯಾಗಿ ಕೆಲಸಕ್ಕೇ ಬರುವುದಿಲ್ಲ. ಪೋರ್ಟಿನ ನೆಲವನ್ನು ತಗ್ಗಿಸಿದರೆ ಈ ತಿರುವು ಇನ್ನೂ ಚೂಪಾಗುತ್ತದೆ. ಆದ್ದರಿಂದ ನೆಲವನ್ನು ಕೊರೆಯಬಾರದು ಎಂಬುದು ಪೋರ್ಟಿಂಗ್‌ನ ಮೊದಲ ನಿಯಮ.

ಹೀಗೆ ಹರಿವನ್ನು ಅಳೆದು ಹೆಡ್ ತಿದ್ದುವ ವಿದ್ಯೆಗೆ ದಾರಿ ಹಾಕಿದವರಲ್ಲಿ ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್ (1897–1978) ಪ್ರಮುಖರು. 1948ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ ಎಂಜಿನಿನ ಹೆಡ್ ರೂಪುಗೊಳ್ಳುವಲ್ಲಿ ಅವರ ಕೈ ಇತ್ತು. ಕಣ್ಣಂದಾಜನ್ನು ನಂಬದೆ ಗಾಳಿಯನ್ನೇ ಅಳೆದು ಕೇಳಬೇಕು ಎಂಬುದು ಆ ಪರಂಪರೆಯ ಪಾಠ.

ಕೈ ಹಾಕುವ ಮುನ್ನ

ಓಡಿಸುತ್ತಿರುವ ಗಾಡಿಯ ಹೆಡ್ಡಿನ ಮೇಲೆ ಮೊದಲ ಪ್ರಯೋಗ ಬೇಡ. ಗುಜರಿಯಲ್ಲಿ ಸಿಗುವ, ಫಿನ್ ಮುರಿದ ಹಳೆಯ ಹೆಡ್ ಒಂದನ್ನು ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳಿ. ಸಾಧ್ಯವಾದರೆ ಅದನ್ನು ಪೋರ್ಟಿನ ಉದ್ದಕ್ಕೆ ಗರಗಸದಿಂದ ಸೀಳಿಸಿ. ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು, ಸ್ಟಡ್ಡಿನ ತೂತು ಎಷ್ಟು ಹತ್ತಿರ ಹಾದುಹೋಗಿದೆ ಎಂಬುದು ಕಣ್ಣೆದುರೇ ಕಾಣುತ್ತದೆ. ಕಾರಿನ ಹೆಡ್ ಆದರೆ ಇದು ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಪೋರ್ಟಿನ ಗೋಡೆಯ ಆಚೆಗೇ ಕೂಲೆಂಟ್ ಹರಿಯುತ್ತದೆ. ಒಮ್ಮೆ ತೂತು ಬಿದ್ದರೆ ಮನೆಯಲ್ಲಿ ಸರಿಪಡಿಸುವ ದಾರಿ ಇಲ್ಲ.

ಹಳೆಯ ಬುಲೆಟ್ಟಿಗೆ 'ಕಾಸ್ಟ್ ಐರನ್ ಎಂಜಿನ್' ಎಂಬ ಹೆಸರಿದ್ದರೂ ಬೀಡುಕಬ್ಬಿಣದ್ದು ಸಿಲಿಂಡರ್ ಬ್ಯಾರೆಲ್ ಮಾತ್ರ, ಹೆಡ್ ಅಲ್ಯೂಮಿನಿಯಂ. ಅದರೊಳಗೆ ಕೂರಿಸಿದ ಸೀಟಿನ ಉಂಗುರ ಗಟ್ಟಿ ಲೋಹ. ಮೆತ್ತನೆಯ ಲೋಹ ಮತ್ತು ಗಟ್ಟಿ ಲೋಹ ಕೂಡುವಲ್ಲಿ ಗ್ರೈಂಡರ್ ಮೆತ್ತನೆಯದನ್ನೇ ಬೇಗ ತಿಂದುಬಿಡುತ್ತದೆ. ಅಲ್ಲಿ ಕೈ ಹಗುರವಾಗಿರಬೇಕು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಹೊಗೆ ತಪಾಸಣೆಯಂತೂ ಪಾಸಾಗಲೇಬೇಕು. ವಾರಂಟಿ ಇರುವ ಗಾಡಿಯ, ಬಿಎಸ್-6 ಎಂಜಿನಿನ ಹೆಡ್ ಮುಟ್ಟಲೇಬೇಡಿ. ಈ ಕೆಲಸ ಸಲ್ಲುವುದು ರೇಸಿಗೆ, ರ‍್ಯಾಲಿಗೆ ಸಿದ್ಧಪಡಿಸುವ ಗಾಡಿಗಳಿಗೆ. ಹಳೆಯ ಎಂಜಿನ್ ಓವರ್‌ಹಾಲ್‌ಗೆ ಇಳಿದಾಗ ಎರಕದ ಗೆರೆ, ಸೀಟಿನ ಅಂಚಿನಂಥ ದೋಷಗಳನ್ನು ತಿದ್ದಿಕೊಳ್ಳುವುದಕ್ಕೂ ಇದೇ ವಿದ್ಯೆ ನೆರವಾಗುತ್ತದೆ.

ಕೆಲಸದ ಸರದಿ ಹೀಗಿರಲಿ: ಗೈಡ್ ಸವೆದಿದ್ದರೆ ಮೊದಲು ಹೊಸ ಗೈಡ್, ಆಮೇಲೆ ಪೋರ್ಟಿಂಗ್, ಆಮೇಲೆ ಸೀಟ್ ಕಟಿಂಗ್, ಕೊನೆಗೆ ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸುವ ಲ್ಯಾಪಿಂಗ್. ಸೀಟ್ ಕಟಿಂಗ್ ಮಾಡಿಸಿದ ಮೇಲೆ ಗ್ರೈಂಡರ್ ಹಿಡಿದರೆ ಒಂದು ಜಾರಿಕೆಗೆ ಆ ಖರ್ಚೆಲ್ಲ ವ್ಯರ್ಥ.

ಬೇಕಾದ ಸಾಮಾನು

- ವೇಗ ಹೆಚ್ಚು ಕಡಿಮೆ ಮಾಡಬಹುದಾದ ಡೈ ಗ್ರೈಂಡರ್, ಇಲ್ಲವೇ ಫ್ಲೆಕ್ಸಿಬಲ್ ಶಾಫ್ಟ್ ಇರುವ ಮೋಟಾರು
- ಅಲ್ಯೂಮಿನಿಯಂಗೆಂದೇ ಬರುವ, ಹಲ್ಲು ದೂರದೂರ ಇರುವ ಕಾರ್ಬೈಡ್ ಬರ್: ಮೊಟ್ಟೆಯಾಕಾರದ್ದೊಂದು, ಉದ್ದ ಕಡ್ಡಿಯದೊಂದು
- 60, 80, 120 ನಂಬರಿನ ಎಮರಿ ರೋಲ್ ಮತ್ತು ಫ್ಲ್ಯಾಪ್ ವೀಲ್
- ವರ್ನಿಯರ್, ಒಳ ಅಳತೆಯ ಕ್ಯಾಲಿಪರ್, ಮಾರ್ಕಿಂಗ್ ಬ್ಲೂ, ಚೂಪು ಗೀರುಕಡ್ಡಿ
- ವಾಲ್ವ್ ಗ್ರೈಂಡಿಂಗ್ ಪೇಸ್ಟ್, ರಬ್ಬರ್ ಬಟ್ಟಲಿನ ಲ್ಯಾಪಿಂಗ್ ಕೋಲು, ಪ್ರಷ್ಯನ್ ಬ್ಲೂ
- ಕಣ್ಣಿಗೆ ಮುಚ್ಚುಗನ್ನಡಕ, ಎನ್-95 ಮಾಸ್ಕ್, ಕಿವಿಗೆ ರಕ್ಷಣೆ, ಒಳ್ಳೆಯ ಟಾರ್ಚು

ಬೆಂಗಳೂರಿನಲ್ಲಿ ಹತ್ಯಾರಗಳಿಗೆ ಎಸ್.ಪಿ. ರಸ್ತೆ, ಗಾಡಿಯ ಭಾಗಗಳಿಗೆ ಜೆ.ಸಿ. ರಸ್ತೆ ಇದ್ದೇ ಇವೆ. ಬರ್ ಮಾತ್ರ ಅಗ್ಗದ್ದು ಕೊಳ್ಳಬೇಡಿ. ಅದರ ಹಲ್ಲು ಮುರಿದು ಹಾರಿದರೆ ಅಪಾಯ. ಸಡಿಲ ತೋಳಿನ ಅಂಗಿ, ಬಟ್ಟೆಯ ಕೈಗವಸು ತಿರುಗುವ ಹತ್ಯಾರದ ಹತ್ತಿರ ಸುಳಿಯಬಾರದು. ಅಲ್ಯೂಮಿನಿಯಂನ ನುಣ್ಣನೆಯ ದೂಳಿಗೆ ಬೆಂಕಿ ಹತ್ತುತ್ತದೆ, ಹಾಗಾಗಿ ಕಬ್ಬಿಣ ಉಜ್ಜಿ ಕಿಡಿ ಹಾರಿಸುವ ಜಾಗದಲ್ಲಿ ಅದು ಗುಡ್ಡೆ ಬೀಳಬಾರದು. ಇನ್ನೊಂದು ಎಚ್ಚರಿಕೆ: ನಮ್ಮ ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ಪೂರ್ತಿ ನಿಂತದ್ದು 2000ದಲ್ಲಿ. ಅದಕ್ಕೂ ಹಿಂದೆ ಓಡಿದ ಹೆಡ್ಡಿನ ಮಸಿಯಲ್ಲಿ ಸೀಸ ಇರಬಹುದು. ಅಂಥ ಕಾರ್ಬನ್ನನ್ನು ಒಣಗಿದ್ದಾಗ ಕೆರೆಯದೆ, ಡೀಸೆಲ್‌ನಲ್ಲಿ ನೆನೆಸಿ ಮೆತ್ತಗಾದ ಮೇಲೆ ತೆಗೆಯಿರಿ.

ಇನ್‌ಲೆಟ್ ಪೋರ್ಟು

ಮೊದಲು ಹೊಂದಾಣಿಕೆ. ಕಾರ್ಬುರೇಟರ್ ಮತ್ತು ಹೆಡ್ ನಡುವಿನ ಪ್ಯಾಕಿಂಗನ್ನು ಹೆಡ್ಡಿನ ಮೇಲಿಟ್ಟು ಟಾರ್ಚ್ ಬಿಡಿ. ಪ್ಯಾಕಿಂಗ್‌ನ ಅಂಚು ದಾರಿಗೆ ಚಾಚಿಕೊಂಡಿದ್ದರೆ ಮೊದಲು ಅದನ್ನೇ ಕತ್ತರಿಸಿ. ಆಮೇಲೆ ಹೆಡ್ಡಿನ ಮುಖಕ್ಕೆ ಮಾರ್ಕಿಂಗ್ ಬ್ಲೂ ಹಚ್ಚಿ, ಕಾರ್ಬುರೇಟರಿನ ಬಾಯಿಯ ಆಕಾರವನ್ನು ಗೀರಿ. ಗಾಳಿ ಬರುವ ದಿಕ್ಕಿಗೆ ಎದುರಾಗಿ ನಿಂತ ಅಂಚು ಯಾವುದೂ ಉಳಿಯಬಾರದು. ಪೋರ್ಟಿನ ಬಾಯಿ ಕಾರ್ಬುರೇಟರಿಗೆ ಸಮನಾಗಿ, ಒಳಕ್ಕೆ ನಯವಾಗಿ ಬೆರೆತರೆ ಸಾಕು. ದಾರಿಯ ಕಿರಿದಾದ ಭಾಗ 24 ಮಿ.ಮೀ. ಕಾರ್ಬುರೇಟರೇ ಆಗಿರುವಾಗ ಅದರ ಹಿಂದಿನ ಪೋರ್ಟನ್ನು ಗುಹೆ ಮಾಡಿ ಪ್ರಯೋಜನವಿಲ್ಲ. ಗಾಳಿಯ ವೇಗ ಕುಂದಿ, ಪೆಟ್ರೋಲಿನ ಹನಿಗಳು ಗೋಡೆಗಂಟಿ, ಕೆಳಗಿನ ಆರ್‌ಪಿಎಂನಲ್ಲಿ ಎಂಜಿನ್ ಎಳೆಯುವುದನ್ನೇ ಮರೆಯುತ್ತದೆ. ಬುಲೆಟ್ಟಿನ ಸೊಗಸಿರುವುದೇ ಆ ಕೆಳಗಿನ ಎಳೆತದಲ್ಲಿ.

ಈಗ ಮುಖ್ಯ ಕೆಲಸ: ಸೀಟಿನ ಕೆಳಗಿನ ಗಂಟಲು. ಸೀಟಿನ ಮೇಲೆ ಕೆಲಸಕ್ಕೆ ಬಾರದ ಹಳೆಯ ವಾಲ್ವ್ ಕೂರಿಸಿ ಅಥವಾ ದಪ್ಪ ಟೇಪ್ ಅಂಟಿಸಿ ರಕ್ಷಣೆ ಕೊಡಿ. ಕಂಬಶ್ಚನ್ ಚೇಂಬರ್ ಕಡೆಯಿಂದ ಕೆಲಸ ಮಾಡುವಾಗ ಟೇಪ್, ಪೋರ್ಟಿನ ಕಡೆಯಿಂದ ಬರ್ ತೂರಿಸುವಾಗ ವಾಲ್ವ್. ಬರ್‌ಗೆ ಮೇಣದಬತ್ತಿ ಉಜ್ಜಿಕೊಳ್ಳಿ. ಇಲ್ಲದಿದ್ದರೆ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಕಟ್ಟಿಕೊಂಡು ಬರ್ ಕತ್ತರಿಸುವುದನ್ನು ಬಿಟ್ಟು ಕುಣಿಯತೊಡಗುತ್ತದೆ. ಗ್ರೈಂಡರನ್ನು ಎರಡೂ ಕೈಯಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಸುತ್ತುತ್ತಿರಿ. ಹತ್ತು ಸೆಕೆಂಡ್ ಉಜ್ಜಿ, ನಿಲ್ಲಿಸಿ, ಬೆರಳಲ್ಲಿ ಸವರಿ ನೋಡಿ. ಪೋರ್ಟಿನೊಳಗೆ ಕಣ್ಣು ಮೋಸ ಮಾಡುತ್ತದೆ, ಬೆರಳು ಮಾಡುವುದಿಲ್ಲ.

ಗುರಿ ಇಷ್ಟೇ: ಸೀಟಿನ ಉಂಗುರದ ಒಳ ಅಂಚು ಮತ್ತು ಅಲ್ಯೂಮಿನಿಯಂ ಗೋಡೆ ಉಗುರಿಗೆ ತಡೆಯದಂತೆ ಬೆರೆಯಬೇಕು. ಗಂಟಲಿನ ವ್ಯಾಸ ವಾಲ್ವಿನ ವ್ಯಾಸದ ಶೇ 85ರಿಂದ 88ರಷ್ಟಿದ್ದರೆ ಸೀಟಿಗೂ ಬಲ, ಹರಿವಿಗೂ ಅನುಕೂಲ. 36 ಮಿ.ಮೀ. ವಾಲ್ವಿಗೆ 31 ಮಿ.ಮೀ. ಆಸುಪಾಸು. ಅಳೆದಾಗ ಈಗಾಗಲೇ ಅಷ್ಟಿದ್ದರೆ ಹಿಗ್ಗಿಸಬೇಡಿ, ಅಂಚನ್ನಷ್ಟೇ ಬೆರೆಸಿ. ಒಳತಿರುವಿನ ಚೂಪನ್ನು ಎಮರಿ ರೋಲಿನಿಂದ ಮಾತ್ರ ದುಂಡಗೆ ಮಾಡಿ, ಅಲ್ಲಿಗೆ ಬರ್ ತಾಗಿಸಬೇಡಿ. ಗೈಡ್ ಸುತ್ತಲಿನ ಗಂಟನ್ನು ಕಿತ್ತು ಹಾಕದೆ ಎರಡೂ ಪಕ್ಕದಲ್ಲಿ ಸಣ್ಣಗೆ ತೆಳುಗೊಳಿಸಿ, ಗಾಳಿ ಎರಡಾಗಿ ಸೀಳಿ ಮತ್ತೆ ಕೂಡುವ ಹಾಗೆ ಮೊನೆ ಮಾಡಿ. ಗೈಡಿಗೆ ಆಧಾರವೇ ಆ ಗಂಟು. ಪೂರ್ತಿ ತೆಗೆದರೆ ವಾಲ್ವ್ ಅಲುಗಾಡಿ ಸೀಟು ಬೇಗ ಕೆಡುತ್ತದೆ.

ಕೊನೆಗೆ 80 ನಂಬರಿನ ಎಮರಿಯಿಂದ ಇಡೀ ಪೋರ್ಟಿಗೆ ಒಂದೇ ತೆರನ ಮೈ ಕೊಡಿ. ಇಲ್ಲಿ ಕನ್ನಡಿಯ ಹೊಳಪು ಬೇಡ. ಪೆಟ್ರೋಲ್ ಹನಿ ಹೊಳಪಿನ ಗೋಡೆಗೆ ಪದರವಾಗಿ ಹತ್ತಿಕೊಳ್ಳುತ್ತದೆ. ತುಸು ಒರಟಿರುವ ಮೈಮೇಲೆ ಅದು ಗಾಳಿಗೆ ಮತ್ತೆ ಬೆರೆಯಲು ಸುಲಭ. ಕಾರ್ಬುರೇಟರ್ ಎಂಜಿನಿನಲ್ಲಿ ಆಕಾರ ಮುಖ್ಯ, ಮಿನುಗು ಅಲ್ಲ.

ಎಕ್ಸಾಸ್ಟ್ ಮತ್ತು ಚೇಂಬರ್

ಎಕ್ಸಾಸ್ಟ್ ಪೋರ್ಟಿನಲ್ಲಿ ಕೆಲಸ ಇನ್ನೂ ಕಡಿಮೆ. ಸುಟ್ಟ ಗ್ಯಾಸು ಒತ್ತಡದಲ್ಲಿ ಹೊರನುಗ್ಗುವುದರಿಂದ ಅದಕ್ಕೆ ದೊಡ್ಡ ದಾರಿ ಬೇಕಿಲ್ಲ. ಸೀಟಿನ ಕೆಳಗಿನ ಅಂಚು ಬೆರೆಸಿ, ಎರಕದ ಗೆರೆ ತೆಗೆಯಿರಿ. ಇಲ್ಲಿ ಹೊಳಪು ಮಾಡಿದರೆ ತಪ್ಪಿಲ್ಲ, ಕಾರ್ಬನ್ ಕಡಿಮೆ ಹಿಡಿಯುತ್ತದೆ. ಗೈಡ್ ಸುತ್ತಲಿನ ಲೋಹವನ್ನು ಮಾತ್ರ ಉಳಿಸಿ. ಕಾದು ಕೆಂಡವಾಗುವ ಎಕ್ಸಾಸ್ಟ್ ವಾಲ್ವ್ ತನ್ನ ಶಾಖವನ್ನು ಸೀಟು ಮತ್ತು ಗೈಡಿನ ಮೂಲಕವೇ ಹೆಡ್ಡಿಗೆ ಬಿಟ್ಟುಕೊಡಬೇಕು. ಸೈಲೆನ್ಸರ್ ಪೈಪು ಹೆಡ್ಡಿಗೆ ಕೂರುವ ಜಾಗವನ್ನು ಮುಟ್ಟಬೇಡಿ. ಅದು ಸಡಿಲವಾದರೆ ಗ್ಯಾಸು ಸೋರಿ ಪಟಪಟ ಸದ್ದು ತಪ್ಪುವುದಿಲ್ಲ.

ಚೇಂಬರಿನಲ್ಲಿ ಚೂಪು ಮೂಲೆಗಳು, ಪ್ಲಗ್ ತೂತಿನ ಬಳಿ ಎದ್ದ ಎಳೆಗಳು ಇದ್ದರೆ ಅವನ್ನು ಎಮರಿಯಿಂದ ದುಂಡಗೆ ಮಾಡಿ. ಅಂಥ ಮೊನೆಗಳು ಕಾದು, ಕಿಡಿ ಬರುವ ಮುನ್ನವೇ ಮಿಶ್ರಣಕ್ಕೆ ಬೆಂಕಿ ಹಚ್ಚಬಲ್ಲವು. ಆದರೆ ಇಲ್ಲಿ ತೆಗೆದ ಪ್ರತಿ ಸಿ.ಸಿ. ಲೋಹಕ್ಕೂ ಬೆಲೆ ಇದೆ. ಕಂಪ್ರೆಷನ್ ಅನುಪಾತ 6.5 ಇರುವ 346 ಸಿ.ಸಿ. ಎಂಜಿನಿನಲ್ಲಿ ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ ಸುಮಾರು 63 ಸಿ.ಸಿ. ಅದು 2 ಸಿ.ಸಿ. ಹೆಚ್ಚಿದರೆ ಅನುಪಾತ 6.3ಕ್ಕೆ ಇಳಿಯುತ್ತದೆ. ಹೆಡ್ಡನ್ನು ಅಂಗಾತ ಮಲಗಿಸಿ, ಪ್ಲಗ್ ಹಾಕಿ, ವಾಲ್ವ್ ಕೂರಿಸಿ, ಗ್ರೀಸ್ ಹಚ್ಚಿದ ಅಕ್ರಿಲಿಕ್ ತಟ್ಟೆ ಮುಚ್ಚಿ, ಅದರ ತೂತಿನಿಂದ ಬಣ್ಣದ ನೀರನ್ನು ಸಿರಿಂಜಿನಲ್ಲಿ ತುಂಬಿಸಿ ಅಳೆಯಿರಿ. ಮೊದಲು ಎಷ್ಟಿತ್ತು, ಕೆಲಸದ ನಂತರ ಎಷ್ಟಾಯಿತು, ಬರೆದಿಡಿ.

ಸೀಟ್ ಕಟಿಂಗ್: ಇದನ್ನು ವರ್ಕ್‌ಶಾಪಿಗೆ ಬಿಡಿ

ಮನೆಯಲ್ಲಿ ಮಾಡಿದ ಎಲ್ಲ ಕೆಲಸಕ್ಕಿಂತ ಹೆಚ್ಚು ಲಾಭ ಕೊಡುವುದು ಒಳ್ಳೆಯ ಮೂರು ಕೋನದ ಸೀಟ್. ವಾಲ್ವ್ ಕೂರುವ ಮುಖ 45 ಡಿಗ್ರಿ, ಅದರ ಚೇಂಬರ್ ಕಡೆ 30, ಪೋರ್ಟಿನ ಕಡೆ 60. ಗಾಳಿ ಒಮ್ಮೆಲೇ ಮುರಿಯದೆ ಹಂತಹಂತವಾಗಿ ತಿರುಗುತ್ತದೆ. ಕೂರುವ ಮುಖದ ಅಗಲ ಇನ್‌ಲೆಟ್‌ಗೆ 1ರಿಂದ 1.5 ಮಿ.ಮೀ., ಶಾಖ ಇಳಿಸಬೇಕಾದ ಎಕ್ಸಾಸ್ಟ್‌ಗೆ 1.5ರಿಂದ 2 ಮಿ.ಮೀ. ಇರಲಿ. ನಿಮಗೆ ಬೇಕಾದ ಈ ಅಳತೆಗಳನ್ನು ಚೀಟಿಯಲ್ಲಿ ಬರೆದು ಕೊಡಿ. 'ಸೀಟ್ ಕಟ್ ಮಾಡಿ' ಎಂದಷ್ಟೇ ಹೇಳಿದರೆ 45ರ ಒಂದೇ ಕೋನ ಹೊಡೆದು ಕೊಡುವವರೇ ಹೆಚ್ಚು.

ಮನೆಗೆ ತಂದ ಮೇಲೆ ನುಣ್ಣನೆಯ ಪೇಸ್ಟಿನಲ್ಲಿ ಹಗುರವಾಗಿ ಲ್ಯಾಪ್ ಮಾಡಿ. ಸೀಟಿನ ಸುತ್ತ ಎಲ್ಲೂ ಕಡಿಯದ ಬೂದುಬಣ್ಣದ ಉಂಗುರ ಮೂಡಬೇಕು. ಪೇಸ್ಟನ್ನು ಪೂರ್ತಿ ಒರೆಸಿ, ಪ್ರಷ್ಯನ್ ಬ್ಲೂ ಹಚ್ಚಿ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ಆಮೇಲೆ ಸ್ಪ್ರಿಂಗ್ ಸಮೇತ ವಾಲ್ವ್ ಜೋಡಿಸಿ ಪೋರ್ಟಿಗೆ ಪೆಟ್ರೋಲ್ ಸುರಿದು ಕೆಲ ನಿಮಿಷ ಬಿಡಿ. ಚೇಂಬರ್ ಕಡೆ ಒದ್ದೆಯಾಗದಿದ್ದರೆ ಸೀಟು ಕೂತಿದೆ. ಬೆಂಕಿ, ಕಿಡಿ ಹತ್ತಿರವಿಲ್ಲದ ಬಯಲಿನಲ್ಲಿ ಈ ಪರೀಕ್ಷೆ ಮಾಡಿ.

ಗಾಳಿಯನ್ನೇ ಕೇಳಿ

ವೃತ್ತಿಪರರು ಫ್ಲೋ ಬೆಂಚಿನಲ್ಲಿ ಸಾಮಾನ್ಯವಾಗಿ 28 ಇಂಚು ನೀರಿನ ಒತ್ತಡದಲ್ಲಿ ಹರಿವನ್ನು ಅಳೆಯುತ್ತಾರೆ. ಮನೆಯಲ್ಲಿ ಅಷ್ಟು ಬೇಡ, ಮೊದಲಿನದಕ್ಕೂ ಈಗಿನದಕ್ಕೂ ಹೋಲಿಕೆ ಸಿಕ್ಕರೆ ಸಾಕು. ಗಾಳಿಯಾಡದ ಪ್ಲೈವುಡ್ ಪೆಟ್ಟಿಗೆಯ ಮೇಲೆ 70 ಮಿ.ಮೀ. ಒಳವ್ಯಾಸದ ಕೊಳವೆ ನಿಲ್ಲಿಸಿ, ಹೆಡ್ ಕೂರಿಸಿ. ಪೆಟ್ಟಿಗೆಗೆ ವ್ಯಾಕ್ಯೂಮ್ ಕ್ಲೀನರ್ ಜೋಡಿಸಿ. ಬಣ್ಣದ ನೀರು ತುಂಬಿದ ಪಾರದರ್ಶಕ ನಳಿಕೆಯನ್ನು ಯು ಆಕಾರದಲ್ಲಿ ಬಾಗಿಸಿ, ಒಂದು ತುದಿಯನ್ನು ಪೆಟ್ಟಿಗೆಗೆ ಸೇರಿಸಿ. ಬೋಲ್ಟ್ ತಿರುಗಿಸುತ್ತ ವಾಲ್ವನ್ನು 2, 4, 6, 8 ಮಿ.ಮೀ. ತೆರೆದು, ಪ್ರತಿ ಸಲ ನೀರಿನ ಮಟ್ಟಗಳ ಅಂತರ ಬರೆದುಕೊಳ್ಳಿ. ಅದೇ ಲಿಫ್ಟಿನಲ್ಲಿ ಅಂತರ ಕಡಿಮೆಯಾದರೆ ಹೆಡ್ ಹೆಚ್ಚು ಗಾಳಿ ಬಿಡುತ್ತಿದೆ ಎಂದರ್ಥ. ಮನೆಯ ಕರೆಂಟಿನ ವೋಲ್ಟೇಜ್ ಏರಿಳಿಯುವುದರಿಂದ ಪ್ರತಿ ಸಲವೂ ಮೊದಲು ನಿಗದಿತ ತೂತಿನ ತಗಡೊಂದನ್ನು ಇಟ್ಟು ಅಳೆಯಿರಿ. ಅದರ ಅಂಕಿ ಬದಲಾಗಿದ್ದರೆ ಆ ದಿನದ ಹೋಲಿಕೆ ಬಿಡಿ.

ಈ ಪೆಟ್ಟಿಗೆಯ ದೊಡ್ಡ ಉಪಕಾರ ಬೇರೆಯೇ ಇದೆ. ಮಾಡೆಲಿಂಗ್ ಕ್ಲೇ ತುಣುಕನ್ನು ಪೋರ್ಟಿನ ನೆಲಕ್ಕೆ ಅಂಟಿಸಿ ಅಳೆದು ನೋಡಿ. ಹರಿವು ಕುಗ್ಗದಿದ್ದರೆ ಆ ಜಾಗದಲ್ಲಿ ಗಾಳಿ ಓಡುತ್ತಲೇ ಇಲ್ಲ, ಅಲ್ಲಿ ಲೋಹ ತೆಗೆಯುವುದರಿಂದ ಏನೂ ಸಿಗದು. ಗ್ರೈಂಡರ್ ಹಿಡಿಯುವ ಮುನ್ನವೇ ಈ ಉತ್ತರ ಸಿಗುತ್ತದೆ.

ಜೋಡಿಸಿದ ಮೇಲೆ

ಹೆಡ್ಡನ್ನು ಸೋಪಿನ ಬಿಸಿನೀರಿನಲ್ಲಿ ತೊಳೆದು, ಪ್ರತಿ ತೂತಿಗೂ ಗಾಳಿ ಹೊಡೆಸಿ. ಆಯಿಲ್ ದಾರಿಯಲ್ಲಿ ಉಳಿದ ಅಲ್ಯೂಮಿನಿಯಂ ಚೂರು ಬೇರಿಂಗಿನ ಜೀವ ತೆಗೆಯುತ್ತದೆ. ಹೊಸ ಹೆಡ್ ಪ್ಯಾಕಿಂಗ್ ಹಾಕಿ, ನಟ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ, ಕಂಪನಿಯ ಪುಸ್ತಕದಲ್ಲಿರುವ ಟಾರ್ಕ್‌ಗೆ ಬಿಗಿಸಿ. ಎಂಜಿನ್ ಒಮ್ಮೆ ಕಾದು ಪೂರ್ತಿ ತಣ್ಣಗಾದ ಮೇಲೆ ಬಿಗಿ ಮತ್ತೆ ಪರೀಕ್ಷಿಸಿ. ಸೀಟ್ ಕಟಿಂಗ್‌ನಿಂದ ವಾಲ್ವ್ ಮೇಲೇರಿರುತ್ತದೆ, ಆದ್ದರಿಂದ ಟ್ಯಾಪೆಟ್ ಹೊಸದಾಗಿ ಹೊಂದಿಸಬೇಕು. ತಣ್ಣಗಿರುವ ಎಂಜಿನಿನಲ್ಲಿ ಪುಷ್‌ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು.

ಗಾಳಿ ಹೆಚ್ಚು ಬಂದರೆ ಮಿಶ್ರಣ ತೆಳುವಾಗಬಹುದು. ಪೂರ್ತಿ ಆಕ್ಸಿಲರೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಎಂಜಿನ್ ಆಫ್ ಮಾಡಿ ಪ್ಲಗ್ ತೆಗೆದು ನೋಡಿ. ಕಾಫಿಪುಡಿಯ ಕಂದು ಇದ್ದರೆ ಸರಿ. ಬಿಳಿಚಿಕೊಂಡಿದ್ದರೆ ಮೇನ್ ಜೆಟ್ ಒಂದು ನಂಬರ್ ಏರಿಸಿ. ಇದನ್ನು ನಿರ್ಲಕ್ಷಿಸಿದರೆ ಪಿಸ್ಟನ್ ಸುಡುತ್ತದೆ.

ಫಲವನ್ನು ಅಳೆಯಲು ಟ್ರಾಫಿಕ್ ಇಲ್ಲದ ಒಂದೇ ರಸ್ತೆ, ಒಂದೇ ಹೊತ್ತು ಆರಿಸಿಕೊಳ್ಳಿ. ಟಾಪ್ ಗೇರಿನಲ್ಲಿ 50ರಿಂದ 80 ಕಿ.ಮೀ. ವೇಗಕ್ಕೆ ಏರಲು ಎಷ್ಟು ಸೆಕೆಂಡ್ ಬೇಕೆಂದು ಹಿಂದೆ ಕೂತವರಿಂದ ಬರೆಸಿ. ಕೆಲಸಕ್ಕೆ ಮೊದಲೂ ಇದೇ ಅಳತೆ ತೆಗೆದಿರಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತನೇ ಒಂದರಷ್ಟು ಕಡಿಮೆ. ಘಟ್ಟ ಇಳಿದು ಬಂದು 'ಗಾಡಿ ಈಗ ಹಾರುತ್ತಿದೆ' ಎಂದರೆ ಅದರಲ್ಲಿ ಪೋರ್ಟಿಂಗ್‌ನ ಪಾಲೆಷ್ಟು, ಕರಾವಳಿಯ ದಟ್ಟ ಗಾಳಿಯ ಪಾಲೆಷ್ಟು ಎಂದು ಹೇಳಲಾಗದು.

ಕಂಪನಿಯ ಕ್ಯಾಮ್, ಕಂಪನಿಯ ಕಾರ್ಬುರೇಟರ್ ಇರುವ ಎಂಜಿನ್ ಪೋರ್ಟಿಂಗ್ ಒಂದರಿಂದಲೇ ರೇಸ್ ಎಂಜಿನ್ ಆಗುವುದಿಲ್ಲ. ಎತ್ತರದ ಆರ್‌ಪಿಎಂನಲ್ಲಿ ಉಸಿರುಗಟ್ಟದೆ ಓಡುತ್ತದೆ, ಏರಿನಲ್ಲಿ ಗೇರ್ ಇಳಿಸುವುದು ತುಸು ತಡವಾಗುತ್ತದೆ. ಶ್ರದ್ಧೆಯ ಕೆಲಸಕ್ಕೆ ಅದು ಒಳ್ಳೆಯ ಕೂಲಿ. ಮೊದಲ ಹೆಡ್ಡಿನಲ್ಲಿ ಸೀಟಿನ ಅಂಚು ಬೆರೆಸುವುದು ಮತ್ತು ಮೂರು ಕೋನದ ಸೀಟ್, ಈ ಎರಡನ್ನು ಮಾತ್ರ ಮಾಡಿ ಜೋಡಿಸಿ, ಅಳೆಯಿರಿ. ಗೈಡಿನ ಗಂಟು, ಚೇಂಬರ್ ಎರಡನೆಯ ಹೆಡ್ಡಿಗಿರಲಿ. ಒಂದು ಸಲಕ್ಕೆ ಹೀಗೆ ಒಂದೆರಡೇ ಬದಲಾವಣೆ ಮಾಡಿದರೆ ಯಾವುದರಿಂದ ಎಷ್ಟು ಸಿಕ್ಕಿತು ಎಂಬುದು ನಿಮ್ಮ ಪುಸ್ತಕದಲ್ಲಿ ಉಳಿಯುತ್ತದೆ, ಮುಂದಿನ ಹೆಡ್ಡಿಗೆ ಅದೇ ಮಾರ್ಗದರ್ಶಿ.